ಕಣ್ಣು ನೋಡಿ ಮನಸ್ಸು ಓದಿದವರು

ಕನ್ನಡಕದ ಅಂಗಡಿಯ ಯಜಮಾನರಿಗೆ ಒಂದು ಹಮ್ಮಿತ್ತು. ಮೂವತ್ತು ವರ್ಷ ಜನರ ಕಣ್ಣು ನೋಡಿ ನೋಡಿ, ಅವರು ಬಾಯಿ ಬಿಡುವ ಮೊದಲೇ ತಮಗೆ ಅವರ ಮನಸ್ಸು ಗೊತ್ತಾಗಿಬಿಡುತ್ತದೆ ಎಂದು. “ಬಾಯಿ ಸುಳ್ಳು ಹೇಳಬಹುದು, ಕಣ್ಣು ಹೇಳಲ್ಲ,” ಎನ್ನುತ್ತಿದ್ದರು. ಇದನ್ನು ಕೇಳಿದಾಗಲೆಲ್ಲ ಹೆಂಡತಿ ಎದ್ದು ಬೇರೆ ಕೋಣೆಗೆ ಹೋಗುತ್ತಿದ್ದಳು. ಅದು ಒಪ್ಪಿಗೆಯ ಲಕ್ಷಣವೆಂದು ಅವರು ತಿಳಿದಿದ್ದರು.

ಅಂಗಡಿಯ ಹಿಂದಿನ ಕೋಣೆಯಲ್ಲಿ ಲೆನ್ಸಿನ ಅಂಚು ತಿದ್ದಿ ಫ್ರೇಮಿಗೆ ಕೂರಿಸುವಾಕೆ ಹನ್ನೊಂದು ವರ್ಷದಿಂದ ಅಲ್ಲೇ ಇದ್ದಳು. ಎಲ್ಲರ ಬಾಯಲ್ಲೂ ಅವಳು ಲೆನ್ಸಮ್ಮ. ಕೈ ಅಚ್ಚುಕಟ್ಟು, ಮಾತು ಕಮ್ಮಿ. ಇತ್ತೀಚೆಗೆ ಅವಳ ನಡೆ ಬದಲಾಯಿತು. ಯಜಮಾನರು ಬಾಗಿಲಲ್ಲಿ ನಿಂತರೆ ಕಣ್ಣು ಕಿರಿದು ಮಾಡಿ ನೋಡಿ, ತಕ್ಷಣ ತಲೆ ತಗ್ಗಿಸುವಳು. ಎದುರಿಗೆ ಹೊಸದಾಗಿ ತೆರೆದ ಕನ್ನಡಕದಂಗಡಿಯ ಫಲಕವನ್ನಂತೂ ಕಿಟಕಿಯಿಂದ ದಿನವೂ ದಿಟ್ಟಿಸುವಳು.

ಯಜಮಾನರು ಓದಿಬಿಟ್ಟರು: ಇವಳು ಕೆಲಸ ಬಿಟ್ಟು ಅಲ್ಲಿಗೆ ಹೋಗುತ್ತಾಳೆ.

ನೇರವಾಗಿ ಕೇಳುವುದು ದಡ್ಡರ ಕೆಲಸ ಎಂದುಕೊಂಡು, ಅವಳನ್ನು ಉಳಿಸಿಕೊಳ್ಳಲು ಅವಳಿಗೊಂದು ಮೆತ್ತನೆ ಕುರ್ಚಿ ತರಿಸಿದರು. “ಇಷ್ಟು ವರ್ಷ ತುಂಬಾ ದುಡಿದಿದ್ದೀಯಮ್ಮ,” ಎಂದರು. ಮರುದಿನ, “ನೀನು ಎಲ್ಲಿದ್ರೂ ಬದುಕ್ತೀಯ ಬಿಡು,” ಎಂದು ಅರ್ಥಗರ್ಭಿತವಾಗಿ ಕೆಮ್ಮಿದರು. ಅವಳ ಕಣ್ಣು ತುಂಬಿತು. ಬಾಣ ನಾಟಿತೆಂದು ಹಿಗ್ಗಿ, ಮನೆಗೆ ಹೋಗಿ ವರ್ಣಿಸಿದರು.

“ಅವಳನ್ನೇ ಕೇಳಿದ್ರಾ?” ಎಂದಳು ಹೆಂಡತಿ.

“ಕೇಳೋದೇನು, ಕಣ್ಣಲ್ಲೇ ಬರೆದಿದೆ.”

“ಹಾಗಾದ್ರೆ ನಾನೀಗ ಏನು ಯೋಚಿಸ್ತಿದ್ದೀನಿ, ಹೇಳಿ ನೋಡೋಣ.”

ಅವರು ದಿಟ್ಟಿಸಿ ನೋಡಿ, “ನಾನು ಹೇಳಿದ್ದು ಸರಿ ಅಂತ,” ಎಂದರು.

ಶನಿವಾರ ಮಧ್ಯಾಹ್ನ ಲೆನ್ಸಮ್ಮ ಚೀಲ ಸಮೇತ ಬಂದು ನಿಂತಳು. “ಸಾರ್, ಹೇಳೋಕೆ ನಿಮಗೆ ಸಂಕೋಚ. ನಾನೇ ಹೋಗ್ತೀನಿ ಬಿಡಿ.”

“ನಂಗೆ ಗೊತ್ತಿತ್ತು. ಎದುರಿನವರು ಕರೆದ್ರಲ್ಲ?”

“ಎದುರಿನವರಾ? ನೀವೇ ಅಲ್ವಾ ಕಳಿಸ್ತಿರೋದು? ತುಂಬಾ ದುಡಿದಿದ್ದೀಯ ಅಂದ್ರಿ, ಎಲ್ಲಿದ್ರೂ ಬದುಕ್ತೀಯ ಅಂದ್ರಿ. ನನ್ನ ಕಣ್ಣಿನ ವಿಷಯ ಗೊತ್ತಾಗಿದೆ ಅಂದ್ಕೊಂಡೆ.”

“ಯಾವ ಕಣ್ಣಿನ ವಿಷಯ?”

ಅವಳು ನೆಲ ನೋಡುತ್ತ ಹೇಳಿದಳು. ಎರಡು ತಿಂಗಳಿಂದ ದೂರದ್ದೆಲ್ಲ ಮಂಜು ಮಂಜು. ಕನ್ನಡಕ ಮಾಡುವವಳಿಗೇ ಕಣ್ಣು ಕಾಣದೆಂದರೆ ಯಾರು ಇಟ್ಟುಕೊಳ್ಳುತ್ತಾರೆ? ಎದುರಿನ ಫಲಕದ ಅಕ್ಷರ ಇವತ್ತೆಷ್ಟು ಕಾಣುತ್ತದೆ ಎಂದು ದಿನಾ ಪರೀಕ್ಷಿಸಿಕೊಳ್ಳುತ್ತಿದ್ದಳು, ಅಷ್ಟೆ.

ಯಜಮಾನರಿಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ಮೂವತ್ತು ವರ್ಷ ಕಣ್ಣಿನಲ್ಲಿ ಮನಸ್ಸು ಹುಡುಕಿದ ಮಹಾನುಭಾವ, ಕಣ್ಣನ್ನೇ ನೋಡಿರಲಿಲ್ಲ. ಅದೂ ಕಣ್ಣು ನೋಡುವುದೇ ಹೊಟ್ಟೆಪಾಡಿನ ಕೆಲಸವಾಗಿದ್ದಾಗ.

ಅವಳ ಕೈಯಿಂದ ಚೀಲ ಇಸಿದುಕೊಂಡು, ಪರೀಕ್ಷೆಯ ಕುರ್ಚಿಯಲ್ಲಿ ಕೂರಿಸಿದರು. ಲೆನ್ಸ್ ಬದಲಾಯಿಸಿ, “ಈಗ ಚೆನ್ನಾಗಿ ಕಾಣುತ್ತಾ?” ಎಂದರು.

“ಹೂಂ ಸಾರ್.”

ಅವಳ ಮುಖದಲ್ಲಿ ಸಮಾಧಾನ ಕಂಡಿತು. ಬರೆದುಕೊಳ್ಳಲು ಪೆನ್ನು ಎತ್ತಿದವರು ಯಾಕೋ ನಿಲ್ಲಿಸಿ, ಗೋಡೆಯ ಅಕ್ಷರಪಟ ತೋರಿಸಿ, “ಕೊನೇ ಸಾಲು ಓದಮ್ಮ,” ಎಂದರು. ಆರು ಅಕ್ಷರದಲ್ಲಿ ನಾಲ್ಕು ತಪ್ಪು.

“ಮತ್ತೆ ಹೂಂ ಅಂದೆಯಲ್ಲ?”

“ನೀವು ಅಷ್ಟು ಆಸೆಯಿಂದ ಕೇಳಿದ್ರಿ. ಇಲ್ಲ ಅನ್ನೋಕೆ ಮನಸ್ಸು ಬರಲಿಲ್ಲ.”

ಹೀಗೆ ದಾಕ್ಷಿಣ್ಯಕ್ಕೆ ಹೂಂಗುಟ್ಟಿ ಮಸುಕು ಕನ್ನಡಕ ಹಾಕಿಕೊಂಡು ಹೋದವರು ಇನ್ನೆಷ್ಟು ಮಂದಿಯೋ! ಹಾಗೆಂದುಕೊಳ್ಳುತ್ತ ಯಜಮಾನರು ಮತ್ತೆ ಲೆನ್ಸ್ ಬದಲಾಯಿಸತೊಡಗಿದರು. ಆರನೆಯ ಲೆನ್ಸಿಗೆ ಸಾಲು ಪೂರ್ತಿ ಬಂತು.

ಸೋಮವಾರ ಲೆನ್ಸಮ್ಮ ಮೊದಲು ತನ್ನ ಕನ್ನಡಕ ತಯಾರಿಸಿಕೊಂಡಳು. ಆ ವಾರ ಬಂದ ಗಿರಾಕಿಗಳೆಲ್ಲ ಕೊನೇ ಸಾಲನ್ನು ಗಟ್ಟಿಯಾಗಿ ಓದಬೇಕಾಯಿತು. ಹತ್ತು ನಿಮಿಷದ ಕೆಲಸಕ್ಕೆ ಅರ್ಧ ಗಂಟೆ ಹಿಡಿದು, ಕಾಯುವವರ ಸಾಲು ಬೀದಿಯವರೆಗೆ ಬೆಳೆಯಿತು.