ಎಂಟು ತೋಳಿನ ಅಂಗಿ

ಆ ಗಾಜಿನ ಪೆಟ್ಟಿಗೆಗೆ ಕೊಟ್ಟ ದುಡ್ಡಿನಲ್ಲಿ ಹೊಲಿಗೆ ಮೆಷಿನ್ನಿಗೆ ಒಂದು ಮೋಟಾರು ಬರುತ್ತಿತ್ತು, ಅದರ ತಳಕ್ಕೆ ಹಾಸಿದ ತೆಂಗಿನ ನಾರಿನ ಪುಡಿಯ ದುಡ್ಡಿಗೆ ಒಂದು ಡಬ್ಬ ತುಂಬ ದಾರದುಂಡೆ, ಆ ಬಿಲ್ಲೆಯಷ್ಟು ನೀರಿನ ಬಟ್ಟಲಿನ ದುಡ್ಡಿಗೆ ಒಳ್ಳೆಯದೊಂದು ಕತ್ತರಿ — ಬೆಳಗಿನ ಬಿಸಿಲು ಗಾಜಿನ ಮೇಲೆ ಬಿದ್ದು ಕಣ್ಣು ಕುಕ್ಕಿದಾಗಲೆಲ್ಲ ಅವಳ ತಲೆಯಲ್ಲಿ ಈ ಲೆಕ್ಕ ತಾನಾಗಿ ಶುರುವಾಗುತ್ತದೆ, ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ಯಾರದೋ ಕೋಟಿನ ತೋಳು ಬಿಚ್ಚುತ್ತ ಕೂತಿದ್ದಾಳೆ, ಯಾರ ಹತ್ತಿರ ಹೇಳಿಕೊಳ್ಳಬೇಕು, ಹೇಳಿಕೊಂಡರೆ ಜೇಡದ ಜೊತೆ ಜಗಳಕ್ಕೆ ನಿಂತಿದಾಳೆ ಅಂತ ನಗುತ್ತಾರೆ. ಜೇಡ ಅನ್ನಬೇಡ, ಟಾರಂಟುಲಾ ಅನ್ನು, ಅನ್ನುತ್ತಾನೆ ಗಂಡ. ಅಂಗೈಯಗಲದ ಮೈಗೆಲ್ಲ ಕಂದು ಕೂದಲು, ಅದಕ್ಕೊಂದು ಮರ್ಯಾದೆಯ ಹೆಸರು ಬೇರೆ ಕೇಡು! ಅವನು ಲಿಫ್ಟ್ ಮೆಕ್ಯಾನಿಕ್ಕು, ಆರು ವರ್ಷದ ಹಿಂದೆ ಯಾವುದೋ ಕಟ್ಟಡದಲ್ಲಿ ಎರಡು ಮಹಡಿಗಳ ನಡುವೆ ಸಿಕ್ಕಿಬಿದ್ದ ಮುದುಕರೊಬ್ಬರನ್ನು ಹೊರಗೆಳೆದ, ಅವರ ಕೈಯಲ್ಲಿ ಐಸ್‌ಕ್ರೀಮ್ ಡಬ್ಬಿ, ಡಬ್ಬಿಯೊಳಗೆ ಇದು, ಆಗ ಇನ್ನೂ ಮರಿ. ಮಗಳ ಮನೆಗೆ ಹೋಗ್ತಿದೀನಪ್ಪ, ಅಲ್ಲಿ ಇದನ್ನ ಒಳಗೆ ಸೇರಿಸಲ್ಲ, ನೀನೇ ಇಟ್ಕೋ ಅಂದರಂತೆ. ಮೊದಲು ಅವನೂ ಹೆದರಿದ್ದ, ಮಾರುದೂರದಿಂದ ಉದ್ದ ಚಿಮುಟದಲ್ಲಿ ಜಿರಲೆ ಹಾಕಿ ಕೈ ಹಿಂದಕ್ಕೆ ಎಳೆದುಕೊಳ್ಳುತ್ತಿದ್ದ, ಅವಳಿಗೆ ಆಗ ನಗುವೇ ನಗು. ಆಮೇಲೊಂದು ಭಾನುವಾರ ಪೆಟ್ಟಿಗೆಯಲ್ಲಿ ಕೈ ಚಾಚಿ ಕಲ್ಲಿನ ಹಾಗೆ ಕೂತ — ಅದು ಒಂದು ಕಾಲು ಅವನ ಬೆರಳಿನ ಮೇಲಿಟ್ಟಿತು, ತೆಗೆಯಿತು, ಮತ್ತೆ ಇಟ್ಟಿತು, ಕುರುಡರು ಮೆಟ್ಟಿಲು ತಡವುವ ಹಾಗೆ, ಕೊನೆಗೆ ಪೂರ್ತಿ ಹತ್ತಿ ಅಂಗೈ ನಡುವೆ ಕೂತುಬಿಟ್ಟಿತು. ಅವನ ಕಣ್ಣಲ್ಲಿ ನೀರು. ನಾನು ಯಾರು ಅಂತ ಅದಕ್ಕೆ ಗೊತ್ತಿಲ್ಲ ಕಣೆ, ಆದ್ರೂ ಹತ್ತಿಬಿಡ್ತು ನೋಡು ಅಂದ. ಅವನು ಯಾರು ಅಂತ ಚೆನ್ನಾಗಿ ಗೊತ್ತಿದ್ದೂ ಅವನನ್ನು ಕಟ್ಟಿಕೊಂಡವಳು ಪಕ್ಕದಲ್ಲೇ ನಿಂತಿದ್ದಳಲ್ಲ, ಅವಳಿಗಾಗಿ ಯಾವತ್ತು ಕಣ್ಣಲ್ಲಿ ನೀರು ತಂದುಕೊಂಡ? ಅವತ್ತೇ ಅದಕ್ಕೆ ಅಮ್ಮಣ್ಣಿ ಅಂತ ಹೆಸರಿಟ್ಟ. ಮದುವೆಯಾದ ಹೊಸದರಲ್ಲಿ ಅವಳನ್ನು ಕರೆಯುತ್ತಿದ್ದ ಹೆಸರು, ಕರೆಯುವುದನ್ನು ಬಿಟ್ಟು ಎಷ್ಟು ಕಾಲವಾಗಿತ್ತೋ, ಹೆಸರು ಸುಮ್ಮನೆ ಖಾಲಿ ಬಿದ್ದಿದೆಯಲ್ಲ ಅಂತ ಅದಕ್ಕೆ ಕೊಟ್ಟ. ಅತ್ತಿಗೆ, ಎಂಟು ಕಾಲಿನ ಸವತೀನ ಮನೇಲೇ ಇಟ್ಕೊಂಡಿದೀಯಲ್ಲ, ನಿನ್ನಷ್ಟು ದೊಡ್ಡ ಮನಸ್ಸು ಯಾರಿಗಿದೆ, ನಾದಿನಿ ಫೋನಿನಲ್ಲಿ ಕಿಸಕಿಸ ನಗುತ್ತಾಳೆ, ಇವಳೂ ನಗುತ್ತಾಳೆ, ನಕ್ಕು ಫೋನಿಟ್ಟು ಕತ್ತರಿಯನ್ನು ಸ್ವಲ್ಪ ಜೋರಾಗಿಯೇ ಮೇಜಿನ ಮೇಲೆ ಕುಕ್ಕುತ್ತಾಳೆ. ಹೆಣ್ಣಾದರೆ ಇಪ್ಪತ್ತು ವರ್ಷ ಬದುಕುತ್ತಂತೆ, ಇದು ಹೆಣ್ಣೇ, ಮತ್ತೇನು.

ಕೆಲಸದಿಂದ ಬಂದವನು ಗ್ರೀಸಿನ ಕೈ ಮೂರು ಸಲ ಸೋಪು ಹಚ್ಚಿ ತೊಳೆಯುವುದು ಅದಕ್ಕಾಗಿ, ಇವಳ ಹೆಗಲ ಮೇಲೆ ಇಡುವಾಗ ಒಂದು ಸಲ ಒರೆಸಿದರೂ ಸಾಕು. ಇವಳು ಊಟ ಬಿಟ್ಟರೆ ಯಾಕೆ ಹಸಿವಿಲ್ವಾ ಅಂತ ಒಂದು ಮಾತು, ಅದು ತಿಂಗಳಿಂದ ತಿನ್ನುವುದು ಬಿಟ್ಟಿದೆ ಅಂತ ತಾನೂ ಅರ್ಧ ಹೊಟ್ಟೆಯಲ್ಲಿ ಎದ್ದುಹೋಗುತ್ತಾನೆ. ನಿನ್ನೆ ಹೊಸ ಲಿಫ್ಟ್ ಕೂರಿಸಲಿಕ್ಕೆ ಬೇರೆ ಊರಿಗೆ ಹೊರಟವನು ಬಾಗಿಲಲ್ಲಿ ನಿಂತು ಬುದ್ಧಿ ಹೇಳಿದ, ನೀರು ಮಾತ್ರ ಹಾಕು, ಬೇರೆ ಏನೂ ಹಾಕಬೇಡ. ಯಾಕ್ರೀ, ನಾನು ಹಾಕಿದ್ರೆ ತಿನ್ನಬಹುದು ಅಂದಳು. ಅವನು ನಕ್ಕ — ನನ್ನ ಕೈಯಿಂದಲೇ ತಿಂತಿಲ್ಲ, ನಿನ್ನ ಕೈಯಿಂದ ತಿನ್ನುತ್ತಾ? ಸಂಜೆ ಡಬ್ಬಿಯಿಂದ ಕೊಬ್ಬಿದ ಜಿರಲೆಯೊಂದನ್ನು ಚಿಮುಟದಲ್ಲಿ ಹಿಡಿದು ಪೆಟ್ಟಿಗೆಗೆ ಬಿಟ್ಟಳು, ತಿಂದುಬಿಡಲಿ ಒಂದು ಸಲ, ಅವನು ಬಂದು ಚೀಲ ಇಳಿಸುವ ಮೊದಲೇ, ಅಂದ ಹಾಗೆ ನಿಮ್ಮ ಅಮ್ಮಣ್ಣಿ ನನ್ನ ಕೈಯಲ್ಲಿ ತಿಂದ್ಲು ಕಣ್ರೀ, ಅಂತ ಏನೂ ಅಲ್ಲವೆಂಬಂತೆ ಹೇಳಬೇಕು, ಆಗ ಅವನ ಮುಖ ನೋಡಬೇಕು. ಅದು ತಿನ್ನಲಿಲ್ಲ, ಜಿರಲೆ ನಾರಿನ ಪುಡಿಯೊಳಗೆ ಹೂತುಕೊಂಡಿತು, ಇವಳಿಗೆ ಅವಮಾನವಾಯಿತು, ಹೋಗಿ ಮಲಗಿದಳು. ಈಗ ಬಿಸಿಲು ಸ್ವಲ್ಪ ಸರಿದು ಗಾಜಿನೊಳಗಿನದು ಕಾಣುತ್ತಿದೆ — ಅಂಗಾತ ಬಿದ್ದಿದೆ. ಕಾಲೆಲ್ಲ ಮೇಲೆ. ಸತ್ತಿದೆ. ಬಾಯಿಂದ ಸೂಜಿಗಳನ್ನು ತೆಗೆದಳು, ಸುಳ್ಳು ಯಾಕೆ, ಮೊದಲು ಹೊಟ್ಟೆಯೊಳಗೆ ತಣ್ಣಗಾಯಿತು, ಹಬೆಯ ಅಡುಗೆಮನೆಯಲ್ಲಿ ಕಿಟಕಿ ತೆಗೆದ ಹಾಗೆ, ಇನ್ನು ಆ ಮೂಲೆಗೆ ದಾರದ ಕಪಾಟು ಇಡಬಹುದು, ಇನ್ನು ಅವನು ಬಾಗಿಲು ತೆಗೆದವನೇ ಇತ್ತ ತಿರುಗಬೇಕು — ಆಮೇಲೆ ಅವನ ಮುಖ ಕಣ್ಣ ಮುಂದೆ ಬಂತು, ನೋಡಬೇಕೆಂದುಕೊಂಡ ಮುಖವಲ್ಲ, ಬೇರೆಯದು. ಫೋನು ಮಾಡಿದಳು. ಅತ್ತ ಡ್ರಿಲ್ಲಿನ ಸದ್ದು. ರೀ, ಅದು ಮಗುಚಿ ಬಿದ್ದಿದೆ, ಸತ್ತುಹೋಗಿದೆ ಅನ್ಸುತ್ತೆ. ಡ್ರಿಲ್ ನಿಂತಿತು. ಮುಟ್ಟಬೇಡ! ಸತ್ತಿಲ್ಲ ಕಣೆ, ಹಾವು ಪೊರೆ ಬಿಡೋ ಹಾಗೆ ಸಿಪ್ಪೆ ಕಳಚ್ತಿದೆ, ಅದಕ್ಕೇ ತಿಂತಿರಲಿಲ್ಲ, ಅಯ್ಯೋ ಆರು ವರ್ಷದಿಂದ ಕಾಯ್ತಿದೀನಿ, ಪ್ರತಿ ಸಲ ರಾತ್ರಿ ನಾವು ಮಲಗಿದಾಗ್ಲೇ ಕಳಚಿಬಿಡುತ್ತೆ, ನನ್ನ ಕಣ್ಣಿಗೆ ಒಂದು ಸಲನೂ ಬಿದ್ದಿಲ್ಲ, ಅಲ್ಲೇ ಕೂತ್ಕೋ, ನೋಡು, ಎಲ್ಲ ನೋಡಿ ನಂಗೆ ಹೇಳಬೇಕು. ಆಮೇಲೆ ದನಿ ಇಳಿಯಿತು — ಒಳಗೆ ಹುಳ ಗಿಳ ಏನೂ ಇಲ್ಲ ತಾನೆ? ಈಗ ಅದರ ಮೈ ಬೆಣ್ಣೆ ಹಾಗಿರುತ್ತೆ, ಅಲ್ಲಾಡಕ್ಕಾಗಲ್ಲ, ಜಿರಲೆ ಇದ್ರೆ ಆ ಜಿರಲೆನೇ ಅಮ್ಮಣ್ಣೀನ ತಿಂದುಹಾಕುತ್ತೆ. ಇಲ್ಲ ಅಂದಳು. ಇಲ್ಲ ಅನ್ನುವಾಗಲೇ ಕಾಣುತ್ತಿತ್ತು, ಹಿಂದಿನ ಬಲಗಾಲಿನ ಬುಡದಲ್ಲಿ ಕಪ್ಪಗೆ ಹೊಳೆಯುವ ಬೆನ್ನು, ಅಲ್ಲಾಡುವ ಮೀಸೆ.

ಚಿಮುಟ ಬೇಡ, ಕೈ ನಡುಗಿದರೆ ಚುಚ್ಚೀತು, ಸೂಜಿಯ ಕಣ್ಣಿಗೆ ದಾರ ಪೋಣಿಸುವ ಬೆರಳು ಇದ್ದಾವಲ್ಲ, ಅವೇ ಸಾಕು — ನಿನ್ನೆ ಸಂಜೆಯವರೆಗೆ ಪೆಟ್ಟಿಗೆಯ ಮುಚ್ಚಳವನ್ನೂ ಮುಟ್ಟದಿದ್ದವಳು ಬರಿಗೈಯನ್ನೇ ಇಳಿಸಿದಳು, ಮೊಣಕೈತನಕ ರೋಮ ನಿಂತಿದೆ, ಜಿರಲೆ ಬೆರಳುಗಳ ನಡುವೆ ಒದ್ದಾಡುತ್ತಿದೆ, ಎತ್ತಿ ಡಬ್ಬಿಗೆ ಹಾಕಿ ಮುಚ್ಚಿದಳು. ಜಿರಲೆ ಕಡಿದ ಆ ಕಾಲಿನ ಬುಡದಲ್ಲಿ ತೇವ, ತಿಳಿನೀಲಿ ಹನಿ, ಅದರ ರಕ್ತವೇ ಇರಬೇಕು. ಕೋಟಿನವರು ಬಂದು ಬಾಗಿಲು ಬಡಿದರು, ಏನಮ್ಮಾ, ಇವತ್ತು ಕೊಡ್ತೀನಿ ಅಂದಿದ್ಯಲ್ಲ ಅಂದರು. ನಾಳೆ ಬನ್ನಿ, ಮನೇಲಿ ಹೆರಿಗೆ ಅಂದಳು, ಅವರು ಬೆಪ್ಪಾಗಿ ಹೋದರು, ಯಾಕೆ ಹಾಗಂದೆನೋ ಅವಳಿಗೂ ತಿಳಿಯಲಿಲ್ಲ. ಜೇಡದ ಎದೆಯ ಚಿಪ್ಪು ಡಬ್ಬಿಯ ಮುಚ್ಚಳದಂತೆ ತೆರೆದುಕೊಂಡಿತು, ಆಮೇಲೆ ಕಾಲುಗಳು — ಇದು ಅವಳಿಗೆ ಗೊತ್ತಿರುವ ಕೆಲಸ, ಬಿಗಿಯಾದ ತೋಳಿನಿಂದ ಕೈ ಎಳೆಯುವುದು, ಹೊಲಿಗೆ ಬಿಡಬಾರದು, ಒಳಗಿನ ಕೈಯೂ ತರಚಬಾರದು, ಎಂಟು ತೋಳು, ಎಂಟನ್ನೂ ಒಟ್ಟಿಗೆ, ಯಾರ ಸಹಾಯವೂ ಇಲ್ಲ. ಒಂದು ಎಳೆತ, ಆಮೇಲೆ ದೊಡ್ಡ ವಿರಾಮ, ಮತ್ತೊಂದು ಎಳೆತ, ಅವಳೂ ಉಸಿರು ಹಿಡಿದು ಬಿಡುತ್ತಾಳೆ, ಎಳಿ, ಎಳಿ ನನ್ನಮ್ಮಾ, ಯಾರು ಅಂದದ್ದು ಹಾಗೆ, ಅವಳೇ. ನಸುಬಿಳಿ ಕಾಲುಗಳು, ಒದ್ದೆ, ನೆನೆದ ದಾರದ ಹಾಗೆ, ಒಂದೊಂದೇ ಈಚೆ. ಮಧ್ಯಾಹ್ನದ ಊಟ ಮರೆತಿತ್ತು, ಫೋನು ಮತ್ತೆ ಮತ್ತೆ ಬಡಿದುಕೊಂಡಿತು, ಎತ್ತಲಿಲ್ಲ, ಇದು ನನ್ನದು, ಇಷ್ಟು ಹೊತ್ತು ಇದು ನನ್ನದು. ಎತ್ತಿದಾಗ ಅವನ ದನಿ ಮಗುವಿನ ದನಿಯಂತಾಗಿತ್ತು, ಯಾಕೆ ಎತ್ತಲ್ಲ, ಏನಾಯ್ತು, ನೀನು ನೋಡ್ತಿದೀಯಾ, ಪೂರ್ತಿ ನೋಡಿದ್ಯಾ, ನಿನ್ನ ಅದೃಷ್ಟ ಕಣೆ — ಆ ದನಿಯಲ್ಲಿದ್ದದ್ದು ಏನೆಂದು ಅವಳಿಗೆ ಗೊತ್ತು, ಆರು ವರ್ಷ ಅದನ್ನೇ ನುಂಗಿದ್ದಾಳೆ. ಎಂಟೂ ಬಂತಾ ಅಂದ. ಏಳು ಬಂತು ಅಂದಳು. ಒಂದು ಒಳಗೇ ಮುರೀತು. ಜಿರಲೆ ಹಾಕಿದ್ದೆ ನಾನು, ನಿಮಗೆ ಇಲ್ಲ ಅಂದೆ. ಅವನು, ಕಾಲು ಮತ್ತೆ ಬೆಳೆಯುತ್ತೆ, ಮುಂದಿನ ಸಲ ಕಳಚಿದಾಗ ಬೆಳೆಯುತ್ತೆ, ನಾಳೆ ಮೊದಲ ಬಸ್ಸಿಗೇ ಬರ್ತೀನಿ ಅಂದ. ಯಾಕೆ ಅವಸರ, ಕೆಲಸ ಮುಗಿಸಿಕೊಂಡೇ ಬನ್ನಿ ಅಂದಳು, ಅವನಿಗಾಗಿ ಅಂದದ್ದಲ್ಲ, ನಾಳೆಯೊಂದು ದಿನ ಅವನು ಈ ಪೆಟ್ಟಿಗೆಯ ಮೇಲೆ ಬಗ್ಗುವುದು, ಅಮ್ಮಣ್ಣಿ ಅನ್ನುವುದು ಅವಳಿಗೆ ಬೇಡ. ಏಳು ಕಾಲು ಚಾಚಿ ಅದು ಮಲಗಿದೆ, ಹೊಸದು, ಪಕ್ಕದಲ್ಲಿ ಬಿಟ್ಟ ಅಂಗಿ, ಏಳು ತೋಳು ಖಾಲಿ, ಎಂಟನೆಯದರೊಳಗೆ ಕಾಲು ಹಾಗೇ ಇದೆ. ಏಳು ಖಾಲಿ. ಒಂದು ತುಂಬಿದೆ. ಒಂದು ಕಾಲು ಹೋಯಿತು, ಅವಳಿಂದಲೇ ಹೋಯಿತು.