ನಿಂಬೆಹಣ್ಣಿನ ಕೆಳಗಿನ ಸ್ಪ್ಯಾನರು

ಬೆಟ್ಟಗಳಿಗೆ ಇನ್ನೂ ಯಾರೂ ಹೆಸರಿಡದಿದ್ದ ಕಾಲದಲ್ಲಿ ಒಬ್ಬ ರಾಜ ಒಂದು ಭೂತವನ್ನು ಹಿಡಿದು ತಂದು ಅರಮನೆಯ ಅಡಿಯಲ್ಲಿ ಕಟ್ಟಿಹಾಕಿದನಂತೆ. ನೀರು ಸೇದುವುದು, ರಾಗಿ ಬೀಸುವುದು, ಎಲ್ಲ ಕೆಲಸವನ್ನೂ ಆ ಭೂತವೇ ಮಾಡುತ್ತಿತ್ತು. ಆದರೆ ಅದು ಗುರುಗುಟ್ಟಿದರೆ ರಾಣಿಗೆ ನಿದ್ದೆ ಬಾರದು. ಅದಕ್ಕೇ ರಾಜ ಅದರ ಸುತ್ತ ಹತ್ತಿಯ ದಿಂಬುಗಳನ್ನು ತುರುಕಿಸಿದ. ಸದ್ದು ಅಡಗಿತು. ಆಮೇಲೆ ಕೆಳಗೆ ಭೂತವಿದೆ ಎಂಬುದೇ ಎಲ್ಲರಿಗೂ ಮರೆತುಹೋಯಿತು. ದಿಂಬು ಹರಿದು, ಭೂತ ಸರಪಳಿಯ ಸಮೇತ ಗೋಡೆಗೆ ಬಡಿಯತೊಡಗಿದಾಗಲೇ ರಾಜನಿಗೆ ಮತ್ತೆ ಜ್ಞಾಪಕ ಬಂದದ್ದು.

ಇದನ್ನು ನನಗೆ ಹೇಳಿದವಳು ಅಜ್ಜಿ ಮರಿತಾಯಮ್ಮ, ನನ್ನ ತಲೆ ಬಾಚುತ್ತಾ, ಮೈಸೂರಿನಲ್ಲಿ. ನಾನು ಅಪ್ಪನಿಗೆ ಹೇಳಿದ್ದು ಕಡಲಾಚೆಯ ಫ್ರೀಮಾಂಟಿನ ನಮ್ಮ ಮನೆಯ ಗರಾಜಿನಲ್ಲಿ, ನನ್ನ ಕಾರಿನ ಬಾನೆಟ್ಟು ತೆರೆದಿದ್ದಾಗ.

"ಹಾಗಾದ್ರೆ ನಿನ್ನ ಭೂತದ ದಿಂಬೂ ಹರಿದಿದೆ, ನೋಡು," ಎಂದು ಅಪ್ಪ ಟಾರ್ಚು ಬಿಟ್ಟರು. ಇಂಜಿನ್ನನ್ನು ಕಾರಿನ ಮೈಗೆ ಹಿಡಿದಿಡುವ ಮೌಂಟಿನ ರಬ್ಬರು ಸೀಳಿ ಬಾಯಿ ಬಿಟ್ಟಿತ್ತು. ಎರಡೇ ಬಾಗಿಲಿನ ಕೆಂಪು ಕಾರು ಅದು. ಯಾರೋ ಓಡಿಸಿ ಬಿಟ್ಟಿದ್ದನ್ನು ನಾನು ಅದರ ಇಂಜಿನ್ನಿನ ಜೋರಿಗೆ ಮರುಳಾಗಿ ಕೊಂಡಿದ್ದೆ. ದಿನವೂ ಅದರಲ್ಲೇ ಸೇತುವೆ ದಾಟಿ ಆಫೀಸಿಗೆ ಹೋಗುತ್ತಿದ್ದೆ.

ಅಪ್ಪ ಹೊಸ ಮೌಂಟುಗಳನ್ನು ತರಿಸಿದರು. ರಬ್ಬರಿನದ್ದಲ್ಲ, ಪಾಲಿಯುರಿಥೇನ್ ಎಂಬ ಗಡುಸು ಪ್ಲಾಸ್ಟಿಕ್ಕಿನದ್ದು, ಬೆಲ್ಲದ ಅಚ್ಚಿನ ಬಣ್ಣ, ಉಗುರು ಒತ್ತಿದರೆ ಇಳಿಯದಷ್ಟು ಗಟ್ಟಿ.

"ಇಂಜಿನ್ನು ಅಲ್ಲಾಡಲ್ಲ, ಗೇರು ಬೆಣ್ಣೆ ಥರ ಬೀಳತ್ತೆ. ಆದ್ರೆ ಸಿಗ್ನಲ್ಲಲ್ಲಿ ನಿಂತಾಗ ಸೀಟು, ಸ್ಟಿಯರಿಂಗು, ಕನ್ನಡಿ ಎಲ್ಲಾ ನಡುಗತ್ತೆ. ದಿನಾ ಓಡಿಸೋ ಕಾರು, ಯೋಚ್ನೆ ಮಾಡು ಪುಟ್ಟಿ."

"ನಡುಗಲಿ ಬಿಡಿ ಅಪ್ಪ. ಭೂತ ಇದೆ ಅಂತ ಗೊತ್ತಾಗತ್ತೆ."

"ಸರಿ. ನಾಳೆ ಆಯುಧಪೂಜೆ, ಮುಟ್ಟೋ ಹಾಗಿಲ್ಲ. ನಾಡಿದ್ದು ವಿಜಯದಶಮಿ ಬೆಳಿಗ್ಗೆ ಹಾಕಿಕೊಡ್ತೀನಿ. ಇದು ನನ್ನ ಮಾತು."

ಮರುದಿನ ಅಪ್ಪ ಸ್ಪ್ಯಾನರುಗಳನ್ನೆಲ್ಲ ತೊಳೆದು, ಒರೆಸಿ, ಬೆಂಚಿನ ಮೇಲೆ ಹಾಸಿದ ಪತ್ರಿಕೆಯಲ್ಲಿ ಸಾಲಾಗಿ ಜೋಡಿಸಿದರು. ಅರಿಶಿನ, ಕುಂಕುಮ, ಸೇವಂತಿಗೆ. ಎಲ್ಲಕ್ಕಿಂತ ದೊಡ್ಡದಾದ ಟಾರ್ಕ್ ಸ್ಪ್ಯಾನರಿನ ಮೇಲೆ ಒಂದು ನಿಂಬೆಹಣ್ಣು. ಬೋಲ್ಟು ಎಷ್ಟು ಬಿಗಿಯಾಗಬೇಕೋ ಅಷ್ಟಾದ ಕೂಡಲೇ ಟಕ್ ಎಂದು ಹೇಳುವ ಸ್ಪ್ಯಾನರು ಅದು. ಅವತ್ತು ಸಂಜೆ ಊಟಕ್ಕೆ ಕೂತಾಗ ಅಪ್ಪನ ಬಲಗೈಯಿಂದ ನೀರಿನ ಲೋಟ ಜಾರಿತು. ಎತ್ತಿಕೊಳ್ಳಲು ಬಗ್ಗಿದವರು ಹಾಗೆಯೇ ವಾಲಿದರು. ಸ್ಟ್ರೋಕು.

ಅಪ್ಪ ಆಸ್ಪತ್ರೆಯಿಂದ ಬಂದರು. ಮಾತು ನಿಧಾನಕ್ಕೆ ತಿರುಗಿ ಬಂತು, ಕಾಲೂ ಕೋಲು ಹಿಡಿದು ಬಂತು. ಬಲಗೈಯಲ್ಲಿ ಬೆರಳುಗಳು ಮಡಚುತ್ತಿದ್ದವು, ಅಷ್ಟೇ. ಬಿಸಿ ಕಾಫಿ ಲೋಟ ಮುಟ್ಟಿಸಿದರೂ ಆ ಕೈಗೆ ಗೊತ್ತಾಗುತ್ತಿರಲಿಲ್ಲ.

ಗರಾಜಿನ ಬೆಂಚು ಹಾಗೆಯೇ ಉಳಿಯಿತು. "ಪೂಜೆಗಿಟ್ಟವರೇ ಎತ್ತಬೇಕು," ಎಂದಳು ಅಮ್ಮ. ಅವಳ ಹೆಸರು ವಸುಧಾ. ಅಮ್ಮ ಒಂದು ಮಾತು ಹೇಳಿದ ಮೇಲೆ ಮುಗಿಯಿತು. ಅಡಿಗೆಮನೆಯ ಕಪಾಟಿನ ಹಿಡಿ ಸಡಿಲವಾದಾಗ ಅಮ್ಮ ಅಂಗಡಿಗೆ ಹೋಗಿ ಹೊಸ ಸ್ಕ್ರೂಡ್ರೈವರು ತಂದಳೇ ಹೊರತು ಬೆಂಚಿನ ಮೇಲಿದ್ದುದನ್ನು ಮುಟ್ಟಲಿಲ್ಲ. ನಾನೂ ಮುಟ್ಟಲಿಲ್ಲ. ನಾನು ಎತ್ತಿದರೆ, ಅಪ್ಪ ಇನ್ನು ಎತ್ತುವುದಿಲ್ಲ ಎಂದು ನಾನೇ ಹೇಳಿದಂತೆ. ಕಾರನ್ನು ಬೇರೆಯವರ ಗ್ಯಾರೇಜಿಗೆ ಕೊಟ್ಟರೂ ಅದೇ. ಅಪ್ಪನಂತೂ ಗರಾಜಿನ ಕಡೆಗೆ ತಲೆಯೂ ಹಾಕಲಿಲ್ಲ.

ಹರಿದ ಮೌಂಟಿನಲ್ಲೇ ಚಳಿಗಾಲ ಕಳೆಯಿತು. ಆಫೀಸಿನಲ್ಲಿ ಪ್ರತಿ ಶುಕ್ರವಾರ ಕೆಲಸ ಕಳೆದುಕೊಂಡ ಕೆಲವರು ತಮ್ಮ ಸಾಮಾನಿನ ರಟ್ಟಿನ ಡಬ್ಬಿ ಹಿಡಿದು ಹೊರಡುತ್ತಿದ್ದರು. ನಾನು ಅವರಿಗೆ ಬಾಗಿಲು ಹಿಡಿಯುತ್ತಿದ್ದೆ. ಬೇಸರವಾಗುತ್ತಿರಲಿಲ್ಲ, ಹೆದರಿಕೆಯೂ ಇಲ್ಲ. ಹಲ್ಲಿನ ಡಾಕ್ಟರು ಸೂಜಿ ಚುಚ್ಚಿದ ಮೇಲೆ ತುಟಿ ಇರುತ್ತದಲ್ಲ, ಒಳಗೆಲ್ಲ ಹಾಗಿತ್ತು.

ಅದೇ ಆಫೀಸಿನ ಗೆಳತಿ, ಬೆಂಗಳೂರಿನ ನಬೀಲಾ ದಿನವೂ ನನ್ನ ಜೊತೆ ಕಾರಿನಲ್ಲಿ ಬರುತ್ತಿದ್ದಳು. ಕ್ಲಚ್ಚು ಬಿಟ್ಟಾಗಲೆಲ್ಲ ಮುಂದೆ ಧಡ್ ಎನ್ನುತ್ತಿತ್ತು.

"ಡಿಕ್ಕೀಲಿ ಯಾರನ್ನಾದ್ರೂ ಕಟ್ಟಿಹಾಕಿದ್ದೀಯೇನೇ?"

"ಡಿಕ್ಕೀಲಲ್ಲ, ಮುಂದೆ."

"ಮೆಕ್ಯಾನಿಕ್ಕಿಗೆ ಕೊಡೇ, ಪುಣ್ಯ ಬರತ್ತೆ."

"ಅಪ್ಪ ಹಾಕಿಕೊಡ್ತೀನಿ ಅಂದಿದ್ದಾರೆ."

ಅವಳು ಕಿಟಕಿಯಾಚೆ ನೋಡಿದಳು. ಅಪ್ಪನ ಕೈಯ ವಿಷಯ ಅವಳಿಗೂ ಗೊತ್ತಿತ್ತು.

ಮಾರ್ಚಿನಲ್ಲಿ ಒಂದು ಬೆಳಿಗ್ಗೆ ಸೇತುವೆಯ ಟೋಲು ದಾಟಿ ವೇಗ ಹಿಡಿಯುವಾಗ ಇಂಜಿನ್ನು ಒಮ್ಮೆಲೇ ಹೊರಳಿ ಗೇರು ತಾನಾಗಿಯೇ ಕಳಚಿತು. ಕಾರು ನಡುರಸ್ತೆಯಲ್ಲಿ ಸೊರಗಿತು. ಹಿಂದಿದ್ದ ಟ್ರಕ್ಕು ಉದ್ದಕ್ಕೆ ಹಾರ್ನು ಒತ್ತುತ್ತಾ ನಬೀಲಾಳ ಕಡೆಯ ಕನ್ನಡಿಗೆ ತಾಗುವಷ್ಟು ಹತ್ತಿರದಿಂದ ಸರಿದುಹೋಯಿತು. ಅವಳು ಕೂಗಿಕೊಂಡಳು. ನನ್ನ ಎದೆ ಹೊಡೆದುಕೊಳ್ಳಬೇಕಿತ್ತು. ಹೊಡೆದುಕೊಳ್ಳಲಿಲ್ಲ. ಗೇರು ಹಾಕಿ ಮುಂದೆ ಹೋದೆ.

"ಟ್ರಕ್ಕಿಗಲ್ಲ ಕಣೆ, ನಿನ್ನ ಮುಖ ನೋಡಿ ಹೆದರಿಕೆ ಆಯ್ತು ನಂಗೆ," ಎಂದಳು ನಬೀಲಾ, ಇಳಿಯುವಾಗ. "ಇದು ರಿಪೇರಿ ಆಗೋವರೆಗೂ ನಾನು ಬಸ್ಸು. ನೀನೂ ಬಸ್ಸು. ಅಲ್ಲಾನ ಮೇಲಾಣೆ."

ಆ ಶನಿವಾರ ಬೆಳಿಗ್ಗೆ ಗರಾಜಿಗೆ ಹೋದೆ. ಅಮ್ಮ ಹಿಂದೆಯೇ ಬಂದಳು.

"ಮುಟ್ಟಬೇಡ ಗಾರ್ಗಿ."

"ಮುಟ್ಟದೇ ಇನ್ನೆಷ್ಟು ದಿನ ಅಮ್ಮಾ?"

"ಅವರು ಒಳಗೆ ಕೂತಿದ್ದಾರೆ, ಕೇಳಿಸತ್ತೆ. ಏನಂದ್ಕೋಬೇಕು ಅವರು?"

ನಾನು ಟಾರ್ಕ್ ಸ್ಪ್ಯಾನರು ಎತ್ತಲು ಹೋದೆ. ಅದು ಬರಲಿಲ್ಲ. ನಿಂಬೆಹಣ್ಣು ಕೊಳೆತು, ರಸ ಸೋರಿ, ಒಣಗಿ ಕಪ್ಪು ಗೋಲಿಯಾಗಿತ್ತು. ಅದರ ಕೆಳಗೆ ಸ್ಪ್ಯಾನರಿಗೆ ತುಕ್ಕು ಹಿಡಿದು, ಕುಂಕುಮ ಸೇರಿ, ಕಾಗದಕ್ಕೆ ಕಚ್ಚಿಕೊಂಡಿತ್ತು. ಎಳೆದಾಗ ಪತ್ರಿಕೆ ಪರ್ರನೆ ಹರಿಯಿತು. ಅಮ್ಮ ಸೆರಗು ಬಾಯಿಗಿಟ್ಟುಕೊಂಡು ಒಳಗೆ ಹೋದಳು.

ಸ್ಪ್ಯಾನರನ್ನು ಪಕ್ಕಕ್ಕಿಟ್ಟು ಇಂಜಿನ್ನಿನ ಕೆಳಗೆ ಜಾಕು ತಳ್ಳಿ ಎತ್ತತೊಡಗಿದೆ.

"ಮರ," ಎಂದಿತು ಹಿಂದಿನಿಂದ ದನಿ. "ಜಾಕಿನ ಮೇಲೆ ಮರದ ತುಂಡು ಇಡು. ಇಲ್ದಿದ್ರೆ ಆಯಿಲ್ ಪ್ಯಾನು ಸೊಟ್ಟಗಾಗತ್ತೆ."

ಅಪ್ಪ ಬಾಗಿಲಲ್ಲಿ ಕೋಲೂರಿ ನಿಂತಿದ್ದರು. ಅವರ ಕಣ್ಣು ಬೆಂಚಿನ ಮೇಲಿತ್ತು, ಒಣಗಿದ ಸೇವಂತಿಗೆಯ ಮೇಲೆ.

"ಇದನ್ನ ಯಾಕೆ ಹೀಗೇ ಬಿಟ್ರಿ?"

"ನೀವೇ ಎತ್ತಲಿ ಅಂತ."

"ನಾನು..." ಅಪ್ಪ ಮಾತು ಹುಡುಕಿದರು. "ನಾನು ನೀವೆಲ್ಲ ಯಾವಾಗಲೋ ಎತ್ತಿಟ್ರಿ ಅಂದ್ಕೊಂಡೆ. ಗುಡಿಸಿ, ಪೆಟ್ಟಿಗೇಲಿ ತುಂಬಿ, ನನ್ನನ್ನೂ ಮರೆತ್ರಿ ಅಂತ. ಅದನ್ನ ನೋಡಕ್ಕಾಗದೇ ಈ ಕಡೆ ಬರಲಿಲ್ಲ." ಸ್ಪ್ಯಾನರಿನ ತುಕ್ಕನ್ನು ಎಡಗೈ ಹೆಬ್ಬೆರಳಿನಿಂದ ಉಜ್ಜಿದರು. "ಪೂಜೆ ಆಯುಧಕ್ಕೆ ಮಾಡಿದ್ದಲ್ವೇನೇ? ಹೀಗೆ ಕೊಲ್ಲೋದಾ ಅದನ್ನ?"

ನನಗೆ ಅಳು ಬರುತ್ತದೆ ಎಂದು ಕಾದೆ. ಬರಲಿಲ್ಲ. ಮರದ ತುಂಡು ತಂದೆ.

ಅಪ್ಪ ಸ್ಟೂಲಿನ ಮೇಲೆ ಕೂತು ಹೇಳಿದರು, ನಾನು ಮಾಡಿದೆ. ಜಾಕಿನ ಮೇಲೆ ಇಂಜಿನ್ನು ಭಾರ ಬಿಟ್ಟಿತು. ಹಳೆಯ ಬೋಲ್ಟುಗಳು ಕಿರುಚಿಕೊಂಡು ಬಂದವು. ಹರಿದ ಮೌಂಟು ಕೈಗೆ ಬಂದಾಗ ಅದರ ರಬ್ಬರು ಬೆಂದ ಬದನೆಕಾಯಿಯಂತೆ ಜೋಲುತ್ತಿತ್ತು. ಹೊಸತು ಅದರ ಜಾಗದಲ್ಲಿ ಜಪ್ಪಯ್ಯ ಅಂದರೂ ಕೂರಲಿಲ್ಲ.

ಅಮ್ಮ ಯಾವಾಗ ಬಂದು ನಿಂತಿದ್ದಳೋ. "ಕೊಬ್ಬರಿ ಎಣ್ಣೆ ತರಲಾ?"

"ಅದಕ್ಕೆ ಕೂದಲಿಲ್ಲ ಕಣೆ ವಸು," ಎಂದರು ಅಪ್ಪ. "ಪೊಟ್ಟಣದಲ್ಲೇ ಗ್ರೀಸು ಕೊಟ್ಟಿದ್ದಾರೆ."

ಅಮ್ಮ ನಕ್ಕಳೋ ಅತ್ತಳೋ ಗೊತ್ತಾಗಲಿಲ್ಲ. ಗ್ರೀಸು ಸವರಿದೆ, ಮೌಂಟು ಸರಿದು ಕೂತಿತು. ಇನ್ನೊಂದನ್ನೂ ಹಾಗೆಯೇ ಹಾಕಿ ಜಾಕು ಇಳಿಸಿದೆ.

"ಪೂರ್ತಿ ಬಿಗಿ ಮಾಡಬೇಡ. ಗರಾಜಿನ ಬಾಗಿಲೆತ್ತಿ ಒಂದು ಸಲ ಸ್ಟಾರ್ಟ್ ಮಾಡು. ಇಂಜಿನ್ನು ತನಗೆ ಬೇಕಾದ ಹಾಗೆ ಕೂತ್ಕೊಳ್ಳಲಿ, ಆಮೇಲೆ."

ಕೀಲಿ ತಿರುಗಿಸಿದೆ. ಸೀಟು ನಡುಗಿತು, ಸ್ಟಿಯರಿಂಗು ನಡುಗಿತು, ಕನ್ನಡಿಯಲ್ಲಿ ಅಮ್ಮ ಇಬ್ಬರಾದಳು. ನನ್ನ ದವಡೆಯ ಹಲ್ಲುಗಳೂ ನಡುಗುತ್ತಿದ್ದವು. ಅದು ನನಗೆ ತಿಳಿಯುತ್ತಿತ್ತು. ಅಪ್ಪ ಎದ್ದು ಬಂದು ಎಡಗೈಯನ್ನು ಕಾರಿನ ಮೂತಿಯ ಮೇಲಿಟ್ಟರು. ಆಮೇಲೆ ಆ ಕೈಯಿಂದಲೇ ಬಲಗೈಯನ್ನು ಎತ್ತಿ ಪಕ್ಕದಲ್ಲಿಟ್ಟರು.

"ಗೊತ್ತಾಗತ್ತಾ ಅಪ್ಪ?"



"ಎಡಕ್ಕೆ ಚೆನ್ನಾಗಿ ಗೊತ್ತಾಗತ್ತೆ. ಬಲಕ್ಕೆ ಇಲ್ಲ." ಬಲಗೈಯನ್ನು ಮಾತ್ರ ತೆಗೆಯಲಿಲ್ಲ. "ಆರಿಸು."

ಆರಿಸಿದೆ. ಹಿಂದಿನ ಬೋಲ್ಟನ್ನು ನಾನು ಬಿಗಿ ಮಾಡಿದೆ. ಮುಂದಿನದಕ್ಕೆ ಸ್ಪ್ಯಾನರು ಸಿಕ್ಕಿಸಿ, ಹಿಡಿಯನ್ನು ಅಪ್ಪನ ಕಡೆಗೆ ತಿರುಗಿಸಿದೆ. ಅವರು ಎಡಗೈ ಹಾಕಿದರು. ಸಾಲದೆ ಹೋಯಿತು. ನಾನು ಅವರ ಬಲಗೈಯನ್ನು ಹಿಡಿಯ ಮೇಲಿಟ್ಟು, ಅದರ ಮೇಲೆ ನನ್ನ ಕೈ ಮುಚ್ಚಿದೆ. ಕೈ ತಣ್ಣಗಿತ್ತು. ಇಬ್ಬರೂ ಎಳೆದೆವು. ಸ್ಪ್ಯಾನರು ಬಾಗಿ ಬಂತು, ಇನ್ನಷ್ಟು ಬಂತು.

"ತುಕ್ಕು ಹಿಡಿದಿದೆ, ಹೇಳತ್ತೋ ಇಲ್ವೋ," ಎಂದರು ಅಪ್ಪ.

ಟಕ್ ಎಂದಿತು.