ಕರಡಿಯ ಊಟ

ಕರಡಿಯ ತಲೆ ಕಿಟಕಿಯ ಕಟ್ಟೆಯ ಮೇಲೆ ಕುಳಿತಿತ್ತು; ಮೈ ದರ್ಜಿಯ ಮಡಿಲಲ್ಲಿತ್ತು. ಕಂಕುಳಿನ ಬಳಿ ಗೇಣುದ್ದ ಹರಿದಿದ್ದ ಕಂದು ತುಪ್ಪಳದ ಬಟ್ಟೆಯನ್ನು ಅವನು ಒಳಮಗ್ಗುಲಿನಿಂದ ಹೊಲಿಯುತ್ತಿದ್ದ. ಮೂಲೆಯ ಬರ್ಗರ್ ಅಂಗಡಿಯವರು ತಮ್ಮ ಆಳು ತೊಡುವ ಈ ವೇಷವನ್ನು ಬೆಳಗ್ಗೆ ತಂದುಕೊಟ್ಟು, ಸಂಜೆ ಮಕ್ಕಳು ಬರುವ ಹೊತ್ತಿಗೆ ಬೇಕೇ ಬೇಕೆಂದು ಹೇಳಿಹೋಗಿದ್ದರು.

ಆ ಕರಡಿಯ ದೆಸೆಯಿಂದ ಮನೆಯಲ್ಲಿ ನೆಮ್ಮದಿ ಇರಲಿಲ್ಲ. ಅದು ಶಾಲೆಯ ಗೇಟಿನಲ್ಲಿ ಬಲೂನು ಹಂಚುತ್ತಿತ್ತು. ಹುಟ್ಟುಹಬ್ಬದ ದಿನ ಮಕ್ಕಳನ್ನು ಹೆಸರು ಹಿಡಿದು ಕರೆಯುತ್ತಿತ್ತು. ತಿಂಡಿಯ ಪೊಟ್ಟಣದೊಳಗೆ ಆಟಿಕೆ ಇಟ್ಟು ಕೊಡುತ್ತಿತ್ತು. ದರ್ಜಿಯ ಮೊಮ್ಮಗಳು, ಮನೆಯವರಿಗೆಲ್ಲ ಗುಂಡಿ, ಈಗ ಮನೆಯ ತಟ್ಟೆ ಕಂಡರೆ ಮುಖ ತಿರುಗಿಸುತ್ತಿದ್ದಳು. ಡಾಕ್ಟರು ಆ ತಿಂಡಿ ಬಿಡಿಸಿ ಎಂದಿದ್ದರು. ಆದರೆ ಆಸ್ಪತ್ರೆಯ ಬಟ್ಟೆಗಳನ್ನು ಒಗೆದು ಸುಸ್ತಾಗಿ ಬರುವ ಸೊಸೆ, ಮಗಳ ಅಳುವಿಗೆ ಸೋತು ಮತ್ತೆ ಅಲ್ಲಿಗೇ ಕರೆದೊಯ್ಯುತ್ತಿದ್ದಳು. ಈ ದಿನ ಅವಳಿಗೆ ರಜೆ. ಬಾಗಿಲಲ್ಲಿ ನಿಂತು ಕರಡಿಯ ತಲೆಯನ್ನೇ ನೋಡುತ್ತಿದ್ದಳು.

"ಮಾವ, ಅವಳು ಬಂದ ಕೂಡಲೇ ಇದನ್ನ ತೋರಿಸಿಬಿಡಿ. ಬರೀ ಬಟ್ಟೆ ಅಂತ ಗೊತ್ತಾಗ್ಲಿ."

"ಅಳ್ತಾಳಮ್ಮ."

"ಅಳ್ಲಿ. ದಿನಾ ಬೇಡ ಅನ್ನೋಳು ನಾನು, ನಗ್ತಾ ಕರೆಯೋದು ಅದು. ಕೆಟ್ಟವಳಾಗಿ ನಂಗೂ ಸಾಕಾಗಿದೆ."

ದರ್ಜಿ ಆಗಲಿ ಎಂದ.

ಹೊಲಿಗೆ ಮುಗಿಯಿತು. ಆದರೆ ಮೈಮೇಲೆ ಹಾಕಿ ನೋಡದೆ ಯಾವ ಬಟ್ಟೆಯನ್ನೂ ಅವನು ಕಳಿಸಿದವನಲ್ಲ. ಮದುವೆಯಾದಂದಿನಿಂದ ಆ ಮೈ ಹೆಂಡತಿಯದಾಗಿತ್ತು. ಪೊಲೀಸರ ಕೋಟಾಗಲಿ, ಬ್ಯಾಂಡಿನವರ ಅಂಗಿಯಾಗಲಿ, ಅವಳೇ ತೊಟ್ಟು, ಕೈಯೆತ್ತಿ, ಬಗ್ಗಿ, ಎಲ್ಲಿ ಹಿಡಿಯುತ್ತದೆಂದು ಹೇಳುತ್ತಿದ್ದಳು. ಪೊಲೀಸ್ ಕೋಟು ತೊಟ್ಟ ದಿನವಂತೂ ಇಲ್ಲದ ಮೀಸೆ ತಿರುವಿ, "ಏನಯ್ಯಾ ದರ್ಜಿ, ಊಟಕ್ಕೆ ಏಳ್ತೀಯೋ, ಸ್ಟೇಷನ್ನಿಗೆ ನಡೀತೀಯೋ?" ಎನ್ನುವಳು. ಆಗ ಈ ಮನೆಯಲ್ಲಿ ಯಾರನ್ನೂ ಎರಡು ಸಲ ಊಟಕ್ಕೆ ಕರೆಯಬೇಕಾಗಿರಲಿಲ್ಲ. ಅನ್ನ ಕೊಟ್ಟವನನ್ನು ನೆನೆದು ಎಲ್ಲರೂ ಒಟ್ಟಿಗೆ ಕೂರುತ್ತಿದ್ದರು. ಆಟವಾಡುತ್ತ ಬಂದ ನೆರೆಮನೆಯ ಮಕ್ಕಳೂ ಪಂಕ್ತಿಯಲ್ಲಿ ಸೇರಿಹೋಗುತ್ತಿದ್ದವು. ಕಳೆದ ಚಳಿಗಾಲದಲ್ಲಿ ದೇವರು ಅವಳನ್ನು ಕರೆದುಕೊಂಡ.

ದರ್ಜಿ ತಾನೇ ಕರಡಿಯೊಳಗೆ ಇಳಿದ. ಭಾರಕ್ಕೆ ಹೊಲಿಗೆ ಎಳೆಯುತ್ತದೋ ಏನೋ ಎಂದು ತಲೆಯನ್ನೂ ಹಾಕಿಕೊಂಡ. ಒಳಗೆ ಕತ್ತಲು, ಸೆಕೆ. ಬಾಯಿಯ ಜಾಗದಲ್ಲಿದ್ದ ಕಪ್ಪು ಜಾಲರಿಯಿಂದ ಮಾತ್ರ ಹೊರಗೆ ಕಾಣುತ್ತಿತ್ತು. ಕೈಯೆತ್ತಿ ನೋಡುತ್ತಿರುವಾಗ ಶಾಲೆಯ ಚೀಲ ನೆಲಕ್ಕೆ ಬಿದ್ದ ಸದ್ದಾಯಿತು.

ಗುಂಡಿ ಬಂದಿದ್ದಳು. ಸೊಸೆಯೂ ಅಡುಗೆಮನೆಯಿಂದ ಹೊರಬಂದಳು. ತಲೆ ತೆಗೆಯಬೇಕಾದ ಹೊತ್ತು ಇದೇ ಎಂದು ದರ್ಜಿಗೆ ಗೊತ್ತಿತ್ತು. ಎರಡೂ ಕೈ ಕತ್ತಿನವರೆಗೆ ಹೋದವು.

"ನಮ್ಮನೆಗೆ ಬಂದ್ಯಾ?" ಎಂದಳು ಗುಂಡಿ, ಮೆಲ್ಲಗೆ. ಆಮೇಲೆ ಆ ದಪ್ಪ ಕೈಯನ್ನು ಎಳೆದುಕೊಂಡು ಹೋಗಿ ಊಟದ ಮೇಜಿನ ಮುಂದೆ ಕೂರಿಸಿದಳು. "ಯಾವಾಗ್ಲೂ ನೀನೇ ಕರೀತೀಯ. ಇವತ್ತು ನಮ್ಮನೇಲಿ ಊಟ ಮಾಡು. ಅಮ್ಮ, ಕರಡಿಗೆ ಬಡಿಸು."

ಸೊಸೆ ಜಾಲರಿಯ ಕಡೆ ನೋಡಿದಳು. ಒಳಗಿನ ಕಣ್ಣು ಅವಳಿಗೆ ಕಂಡಿತೋ ಇಲ್ಲವೋ. ಒಳಗೆ ಹೋಗಿ ಒಂದು ಬಟ್ಟಲು ಗಂಜಿ ತಂದಿಟ್ಟಳು.

ಗುಂಡಿ ಚಮಚ ತುಂಬಿ ಕರಡಿಯ ಬಾಯಿಗೆ ಹಿಡಿದಳು. ಕರಡಿ ಅಲುಗಲಿಲ್ಲ.

"ಹೊಸ ಮನೆ ನೋಡು, ಸಂಕೋಚ ಅದಕ್ಕೆ," ಎಂದಳು ಸೊಸೆ. "ನೀನು ಮೊದ್ಲು ತಿಂದು ತೋರಿಸು."

ಗುಂಡಿ ಒಂದು ಚಮಚ ತಿಂದಳು. ಕರಡಿಗೆ ಸರಿಯಾಗಿ ಕಾಣಲಿಲ್ಲವೇನೋ ಎಂದು ಇನ್ನೊಂದು ತಿಂದಳು. ಮತ್ತೊಂದು.

ಅಷ್ಟರಲ್ಲಿ ಅಂಗಡಿಯವರು ಬಾಗಿಲು ತಟ್ಟಿದರು. ಸೊಸೆ ಎದ್ದುಹೋಗಿ, ಕದವನ್ನು ಮೊಗ ಕಾಣುವಷ್ಟೇ ತೆರೆದು, ಇನ್ನೂ ಸ್ವಲ್ಪ ಹೊತ್ತಾಗುತ್ತದೆ ಎಂದು ಹೇಳಿ ಮುಚ್ಚಿದಳು.

ಗುಂಡಿ ಮುಂದಿನ ಚಮಚವನ್ನು ಜಾಲರಿಯ ಹತ್ತಿರಕ್ಕೆ ತಂದು, ತುಟಿ ಮುಂದೆ ಮಾಡಿ ಊದಿದಳು. ಆ ಉಸಿರು ಕತ್ತಲೊಳಗೆ ಬಂದು ಮುದುಕನ ಮುಖಕ್ಕೆ ತಾಗಿತು.